ಊರ ಕಸ, ಹೊಲದ ಕಸುವು

ರೋಣ, ನರಗುಂದ, ಗಜೇಂದ್ರಗಡದ ಎರೆಹೊಲಗಳಿಗೆ ತಿಪ್ಪೆಗೊಬ್ಬರ ಹೊಸದಲ್ಲ. ಹೊಸದೆಂದರೆ ಅದರೊಳಗೆ ಸೇರಿಕೊಂಡ ಪ್ಲಾಸ್ಟಿಕ್ಕು. ಅದು ಕೊಳೆಯದು; ಗೊಬ್ಬರದೊಡನೆ ಹೊಲಕ್ಕೆ ಹೋಗಿ ಅಲ್ಲಿಯೇ ಉಳಿಯುವುದು.

ಊರ ಕಸವನ್ನು ಗೊಬ್ಬರವಾಗಿಸುವ ‘ಬೆಂಗಳೂರು ಪದ್ಧತಿ’ಯನ್ನು ಡಾ. ಸಿ. ಎನ್. ಆಚಾರ್ಯರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದರು. ಗುಂಡಿಯಲ್ಲಿ ಹಸಿಕಸವನ್ನೂ ಸಗಣಿಯನ್ನೂ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಬೇಕು. ಇಂದೂರು ಪದ್ಧತಿಯಂತೆ ಪದೇ ಪದೇ ತಿರುವಿಹಾಕಿ ನೀರು ಚಿಮುಕಿಸಬೇಕಿಲ್ಲ. ಆರೆಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ಮಳೆ ಕಡಿಮೆಯಾದ ಈ ಸೀಮೆಗೆ ಇದೇ ಅನುಕೂಲ.

ಗುಂಡಿಯನ್ನು ಪುರಸಭೆ ತೋಡಿಸಬಹುದು. ಆದರೆ ಹಸಿಕಸ, ಒಣಕಸ ಬೇರೆಯಾಗಬೇಕಾದದ್ದು ನಿಮ್ಮ ಅಡುಗೆಮನೆಯಲ್ಲಿ. ಇಂದಿನ ಕಾಯಿಪಲ್ಲೆಯ ಸಿಪ್ಪೆ ಹೊಲ ಸೇರಿದರೆ, ನಾಳಿನ ಜೋಳಕ್ಕೆ ಕಸುವಾದೀತು.