ಬಿಸಿಲನ್ನು ಬಿಟ್ಟುಕೊಡುವ ಎಲೆ

2016ರ ಮೇ 20ರಂದು ಅಹಮದಾಬಾದಿನಲ್ಲಿ ಉಷ್ಣಾಂಶ 48 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಜನ ಮರದಡಿ ಸೇರಿಕೊಂಡರು. ನೆರಳು ಕೊಟ್ಟ ಬೇವಿಗೆ ಸರಿದು ನಿಲ್ಲಲು ಜಾಗವಿರಲಿಲ್ಲ. ಬಿಸಿಲೇ ಎಲೆಯ ಆಹಾರ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಅರ್ಧ ಮಾತು ಮಾತ್ರ. ನೀರು ಉಳಿಸಲು ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಂಡರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದು ಕಡಿಮೆಯಾಗುತ್ತದೆ, ಸಕ್ಕರೆ ತಯಾರಿ ಕುಂಠಿತವಾಗುತ್ತದೆ. ಆದರೆ ಪತ್ರಹರಿತ್ತು ಬೆಳಕು ಹೀರುವುದನ್ನು ನಿಲ್ಲಿಸದು. ಖರ್ಚಾಗದೆ ಉಳಿದ ಆ ಶಕ್ತಿ ಆಮ್ಲಜನಕಕ್ಕೆ ದಾಟಿದರೆ, ಅದೇ ಆಮ್ಲಜನಕ ಎಲೆಯ ಒಳಗಣ ಯಂತ್ರವನ್ನು ಸುಡುತ್ತದೆ. ಆದ್ದರಿಂದ ಎಲೆ ಹೆಚ್ಚುವರಿ ಬೆಳಕನ್ನು ಶಾಖವಾಗಿಸಿ ಹೊರಗೆ ಬಿಡುತ್ತದೆ. ನನ್ನ ವಾದ ಇಷ್ಟೆ: ಹೀಗೆ ಬಿಟ್ಟುಕೊಡುವುದು ನಷ್ಟವಲ್ಲ, ಅದೇ ಎಲೆಯ ಬದುಕು.

ಈ ರಕ್ಷಣೆ ಒತ್ತಡ ಏರಿದಂತೆ ಏರುತ್ತದೆ. ಆಲದಿಂದಲೇ ಹೆಸರು ಪಡೆದ ವಡೋದರದಲ್ಲಿ ಆಲದ ಮರದ ಒಳಕೊಂಬೆಯನ್ನು ಗಮನಿಸಿ. ಗಾಳಿಗೆ ಮೇಲಿನ ಎಲೆ ಸರಿದು ಬಿಸಿಲ ಕೋಲು ಬಿದ್ದೊಡನೆ, ನೆರಳಲ್ಲಿದ್ದ ಎಲೆಯ ಒಳಪೊರೆಯ ಚೀಲಗಳಲ್ಲಿ ಆಮ್ಲತೆ ಏರುತ್ತದೆ. ಪಿಎಸ್‌ಬಿಎಸ್ ಎಂಬ ಪ್ರೋಟೀನು ಅದನ್ನು ಗ್ರಹಿಸಿ, ಶಕ್ತಿಯನ್ನು ಶಾಖವಾಗಿ ಹರಿಬಿಡುವ ದಾರಿ ತೆರೆಯುತ್ತದೆ. ಬಿಸಿಲು ಇನ್ನೂ ಕೆಲವು ನಿಮಿಷ ನಿಂತರೆ ವಯೋಲಾಕ್ಸಾಂಥಿನ್ ಎಂಬ ಹಳದಿ ವರ್ಣಕ ಝಿಯಾಕ್ಸಾಂಥಿನ್ ಆಗಿ ಆ ದಾರಿಯನ್ನು ಅಗಲಿಸುತ್ತದೆ. ಅದೂ ಸಾಲದಾದಾಗ ಡಿ1 ಎಂಬ ಪ್ರೋಟೀನು ಮುರಿಯುತ್ತದೆ; ಜೀವಕೋಶ ಮುರಿದುದನ್ನು ಕಿತ್ತು ಹೊಸದನ್ನು ಕೂರಿಸುತ್ತದೆ. ದುರಸ್ತಿಗಿಂತ ಹಾನಿಯ ವೇಗ ಹೆಚ್ಚಾದಾಗಲೇ ಎಲೆ ಸೋಲುವುದು.

ಸೂರತ್ತಿನ ಮಳೆಗಾಲದಲ್ಲಿ ತೊಡಕು ಬೇರೆ. ಮೋಡ ಕವಿದು ಬೆಳಕು ತಗ್ಗಿದ ಮೇಲೂ ಎಲೆ ಸ್ವಲ್ಪ ಹೊತ್ತು ಶಕ್ತಿಯನ್ನು ಚೆಲ್ಲುತ್ತಲೇ ಇರುತ್ತದೆ. ಇದು ಪೋಲಲ್ಲವೆ ಎಂದು ಕೇಳಬಹುದು, ಪ್ರಶ್ನೆ ನ್ಯಾಯವಾದದ್ದೇ. 2016ರಲ್ಲಿ ಅಮೆರಿಕದ ಇಲಿನಾಯ್ಸ್ ವಿಶ್ವವಿದ್ಯಾಲಯದ ತಂಡ ತಂಬಾಕಿನ ಗಿಡದಲ್ಲಿ ಈ ಚೆಲ್ಲುವಿಕೆ ನಿಲ್ಲುವುದನ್ನು ಚುರುಕುಗೊಳಿಸಿ, ಹೊಲದಲ್ಲಿ ಸುಮಾರು ಶೇಕಡಾ 15ರಷ್ಟು ಹೆಚ್ಚು ಒಣತೂಕ ಪಡೆಯಿತು. ಆದರೆ ಅವರು ರಕ್ಷಣೆಯನ್ನು ಕಿತ್ತುಹಾಕಲಿಲ್ಲ. ಪಿಎಸ್‌ಬಿಎಸ್ ಸೇರಿದಂತೆ ರಕ್ಷಕ ಪ್ರೋಟೀನುಗಳನ್ನೇ ಹೆಚ್ಚಿಸಿದರು. ಅದೇ ಉಪಾಯ ಅರಬಿಡಾಪ್ಸಿಸ್ ಎಂಬ ಸಣ್ಣ ಗಿಡಕ್ಕೆ ಫಲಿಸಲಿಲ್ಲ. ಪಿಎಸ್‌ಬಿಎಸ್ ಇಲ್ಲದ ಅರಬಿಡಾಪ್ಸಿಸ್ ಗಿಡಗಳನ್ನು ಸ್ವೀಡನ್ನಿನ ವಿಜ್ಞಾನಿಗಳು ಬಯಲಲ್ಲಿ ಬೆಳೆಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶವಂತೂ ಸ್ಪಷ್ಟ: ಏರಿಳಿಯುವ ಬೆಳಕಿನಲ್ಲಿ ಅವು ಕಡಿಮೆ ಬೀಜ ಬಿಟ್ಟವು.

ಇಷ್ಟೆಲ್ಲ ಸಾಮರ್ಥ್ಯವಿರುವ ಮರವನ್ನು ಹಾಗೇ ಬಿಟ್ಟರಾಯಿತು ಎನ್ನುವುದು ಸರಿಯಲ್ಲ. ಬೇರಿಗೆ ನೀರು ತಲುಪಿದರೆ ಪತ್ರರಂಧ್ರ ತೆರೆದಿರುತ್ತದೆ, ಎಲೆ ತಂಪಾಗಿರುತ್ತದೆ, ಚೆಲ್ಲಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ. ರಸ್ತೆಬದಿಯ ಮರದ ಬುಡಕ್ಕೆ ಸಿಮೆಂಟು ಬಳಿಯಬೇಡಿ. ಬೇಸಗೆಯಲ್ಲಿ ಅಲ್ಲಿಗೆ ಒಂದು ಕೊಡ ನೀರು ಹಾಕಿ.