ಉಳಿದದ್ದನ್ನು ಬರೆಯುವವರು
(ಸಂತ ಕೊಲಂಬಾರ ಹಬ್ಬ – ಜೂನ್ 9)



ಮಳೆ ಹಿಡಿಯುವ ಈ ದಿನಗಳಲ್ಲಿ ನಾವು ಸಂತ ಕೊಲಂಬಾರನ್ನು ಸ್ಮರಿಸುತ್ತೇವೆ. 563ರಲ್ಲಿ ಅವರು ಹನ್ನೆರಡು ಸಂಗಡಿಗರೊಡನೆ ಐರ್ಲೆಂಡ್ ಬಿಟ್ಟು, ಸ್ಕಾಟ್ಲೆಂಡಿನ ಅಯೋನಾ ಎಂಬ ಪುಟ್ಟ ದ್ವೀಪದಲ್ಲಿ ಮಠ ಕಟ್ಟಿದರು. 597ರಲ್ಲಿ, ಸಾಯುವ ಹಿಂದಿನ ದಿನವೂ ಕೀರ್ತನೆಗಳನ್ನು ನಕಲು ಮಾಡುತ್ತಿದ್ದರು. 34ನೆಯ ಕೀರ್ತನೆಯ ನಡುವೆ ಪುಟ ಮುಗಿಯಿತು. ಉಳಿದದ್ದನ್ನು ಶಿಷ್ಯ ಬೈತೇನ್ ಬರೆಯಲೆಂದು ಹೇಳಿ ಲೇಖನಿ ಕೆಳಗಿಟ್ಟರು. ಆ ಬೈತೇನರೇ ಮುಂದಿನ ಮಠಾಧಿಪತಿಯಾದರು.

806ರಲ್ಲಿ ವೈಕಿಂಗರು ಅಲ್ಲಿ 68 ಮಂದಿಯನ್ನು ಕೊಂದರು. 1560ರ ನಂತರ ಮಠ ಪಾಳುಬಿತ್ತು. 1938ರಲ್ಲಿ ಜಾರ್ಜ್ ಮೆಕ್ಲೌಡ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ, ಕೆಲಸವಿಲ್ಲದ ಕಾರ್ಮಿಕರನ್ನು ಕೂಡಿಕೊಂಡು ಅದರ ವಸತಿ ಕಟ್ಟಡಗಳನ್ನು ಮತ್ತೆ ಎಬ್ಬಿಸತೊಡಗಿದರು.

ನಮ್ಮ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1963ರಲ್ಲಿ. ಅಯೋನಾಗಿಂತ 1400 ವರ್ಷ ಕಿರಿದು. ಆಗಲೇ ನಮಗೆ ಚಿಂತೆ. ಮೂಡಿಗೆರೆ, ಕಳಸದ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರು ಸೇರಿದ್ದಾರೆ. ತೋಟವೂ ಸಂಜೆಯ ಜಪಸರವೂ ವಯಸ್ಸಾದ ಇಬ್ಬರಿಗೇ ಉಳಿದಿವೆ. ಮುಂದೆ ಯಾರು?

ಕಾಫಿ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕೆಂದು ತಿಳಿದೂ ಈ ಮಳೆಗೆ ನೆಡುತ್ತೇವಲ್ಲವೇ? ಹಾಗೆಯೇ ನಮ್ಮ ಪಾಲಿನ ಪುಟವನ್ನು ಕೊನೆಯ ಸಾಲಿನವರೆಗೂ ಬರೆಯೋಣ. ಮೊಮ್ಮಕ್ಕಳು ರಜೆಗೆ ಬಂದಾಗ ಜಪಸರವನ್ನು ಅವರ ಕೈಗೆ ಕೊಡೋಣ. ಉಳಿದದ್ದನ್ನು ಅವರು ಬರೆಯಲಿ.

ಆಮೆನ್.