ಬಲೆ ಬಿಟ್ಟಾಯಿತು, ಪಂಕ್ತಿ?

1986ರಲ್ಲಿ ಗಲಿಲಾಯ ಸೀಮೆಯಲ್ಲಿ ಬರ. ಸರೋವರದ ನೀರು ಇಳಿದು ಇಳಿದು, ಎಂದೂ ಬಿಸಿಲು ಕಾಣದ ತಳದ ಕೆಸರು ಬಯಲಾಯಿತು. ಅಲ್ಲಿ ಮೀನು ಹಿಡಿದು ಬದುಕುತ್ತಿದ್ದ ಇಬ್ಬರು ಅಣ್ಣತಮ್ಮಂದಿರ ಕಣ್ಣಿಗೆ ಆ ಕೆಸರಿನಲ್ಲಿ ಹೂತುಹೋದ ಒಂದು ದೋಣಿಯ ಅಂಚು ಬಿತ್ತು. ಎಂಟು ಮೀಟರಿಗೆ ತುಸು ಮೇಲ್ಪಟ್ಟ ಉದ್ದ, ಎರಡು ಮೀಟರಿಗೆ ತುಸು ಮೇಲ್ಪಟ್ಟ ಅಗಲ. ಪರೀಕ್ಷೆ ಮಾಡಿದವರು ಇದು ಯೇಸುವಿನ ಕಾಲದ ಆಸುಪಾಸಿನದು ಎಂದರು. ಪೇತ್ರನ ದೋಣಿ ಇದೇ ಎಂದು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಆದರೆ ಅದರ ಮೈಯನ್ನು ಹತ್ತಿರದಿಂದ ನೋಡಿ. ದೇವದಾರಿನ ಹಲಗೆ, ಓಕ್ ಮರದ ಪಕ್ಕೆ, ನಡುನಡುವೆ ಕೈಗೆ ಸಿಕ್ಕ ಮರದ ತುಂಡುಗಳು, ತೇಪೆಯ ಪಕ್ಕದಲ್ಲಿ ತೇಪೆ. ಎಣಿಸಿದರೆ ಹನ್ನೆರಡು ಜಾತಿಯ ಮರ!

ಹೊಸ ಹಲಗೆ ಕೊಳ್ಳಲು ಕಾಸಿಲ್ಲದೆಯೋ ಏನೋ, ಸಿಕ್ಕಿದ್ದನ್ನೇ ಕೆತ್ತಿ ಕೂಡಿಸಿಕೊಂಡ ದೋಣಿ ಅದು. ಒಂದು ಸಂಸಾರದ ಅನ್ನ, ಅಪ್ಪನ ಬೆವರು, ಮಗನ ಭವಿಷ್ಯ, ಊರಿನ ದಡದಲ್ಲಿ ಅವರಿಗಿದ್ದ ಹೆಸರು, ಎಲ್ಲವೂ ಇಂಥ ತೇಪೆಗಳಲ್ಲೇ ಹೊಲಿದುಕೊಂಡಿತ್ತು. ಇಂಥದೇ ಒಂದು ದೋಣಿಯನ್ನು ದಡದಲ್ಲಿ ಬಿಟ್ಟು, ಒಬ್ಬ ಬಡಗಿಯ ಮಗನ ಕರೆಗೆ ಓಗೊಟ್ಟು, ಪೇತ್ರನೆಂದು ಹೆಸರಾದ ಸೀಮೋನನೂ ಅಂದ್ರೆಯನೂ ಯಾಕೋಬನೂ ಯೋಹಾನನೂ ಎದ್ದು ನಡೆದರು.

ಗೆಳೆಯರೇ, ತಂಗಿಯರೇ, ತಮ್ಮಂದಿರೇ, ಆ ಕರೆ ಇಂದಿಗೂ ನಿಂತಿಲ್ಲ. ನಿಮ್ಮ ದೋಣಿ ಯಾವುದು? ನೀವು ಗಟ್ಟಿಯಾಗಿ ಹಿಡಿದುಕೊಂಡಿರುವ ಬಲೆ ಯಾವುದು? ದೋಣಿಯೇ ಬದುಕಾಗಿದ್ದವರು ಅದನ್ನು ಬಿಟ್ಟು ಎದ್ದರು. ಆಸ್ತಿ ಬಹಳವಿದ್ದ ಒಬ್ಬ ಯುವಕ, ಎಲ್ಲ ಆಜ್ಞೆಗಳನ್ನೂ ಚಿಕ್ಕಂದಿನಿಂದ ಪಾಲಿಸಿದ್ದ ಒಳ್ಳೆಯ ಯುವಕ, ಅದೇ ಕರೆ ಕೇಳಿ ಮುಖ ಸಣ್ಣಗೆ ಮಾಡಿಕೊಂಡು ಹಿಂದಿರುಗಿದ. ಅವನ ಹೆಸರನ್ನು ಸುವಾರ್ತೆ ಬರೆದಿಡಲಿಲ್ಲ. ಬರೆದಿಡಲು ಅವನು ಅವಕಾಶ ಕೊಡಲಿಲ್ಲ.

ಬಿಡುವುದು ಎಂದರೆ ಓಡಿಹೋಗುವುದು ಎಂದು ತಿಳಿಯಬೇಡಿ. ಯಾಕೋಬ ಯೋಹಾನರು ಹೊರಟಾಗ ಅವರ ತಂದೆ ಜೆಬೆದಾಯ ದೋಣಿಯಲ್ಲಿ ಒಂಟಿಯಾಗಿ ಉಳಿಯಲಿಲ್ಲ, ಜೊತೆಗೆ ಕೂಲಿಯಾಳುಗಳಿದ್ದರು ಎಂದು ಮಾರ್ಕನು ಮರೆಯದೆ ಬರೆಯುತ್ತಾನೆ. ಸೀಮೋನ ಬಲೆ ಬಿಟ್ಟ ಮೇಲೂ ಕಪೆರ್ನೌಮಿನಲ್ಲಿ ಅವನ ಮನೆಯ ಬಾಗಿಲು ತೆರೆದೇ ಇತ್ತು. ಜ್ವರದಲ್ಲಿ ಮಲಗಿದ್ದ ಅವನ ಅತ್ತೆಯನ್ನು ಯೇಸು ಕೈಹಿಡಿದು ಎಬ್ಬಿಸಿದ್ದು ಅದೇ ಮನೆಯಲ್ಲಿ. ದೇವರಿಗೆ ಮೀಸಲಿಟ್ಟಿದ್ದೇನೆ ಎಂದು ನೆಪ ಹೇಳಿ ಹೆತ್ತವರಿಗೆ ಕೊಡಬೇಕಾದ್ದನ್ನು ತಪ್ಪಿಸಿಕೊಳ್ಳುವ ಕೊರ್ಬಾನ್ ಪದ್ಧತಿಯನ್ನು ಯೇಸು ಖಂಡಿಸಿದ. ಶಿಲುಬೆಯ ಮೇಲೆ ಉಸಿರು ಹೋಗುವ ಗಳಿಗೆಯಲ್ಲೂ ತಾಯಿಯನ್ನು ಒಬ್ಬ ಶಿಷ್ಯನ ಕೈಗೆ ಒಪ್ಪಿಸಿದ. ಹಾಗಿರುವಾಗ, ಮುದಿ ತಂದೆತಾಯಿಯ ಔಷಧಿಯ ಚೀಟಿ ಕೈಗೆ ಬಂದಾಗ ಪ್ರಾರ್ಥನೆಗೆ ಹೊತ್ತಾಯಿತೆಂದು ಎದ್ದು ಹೋಗುವುದು ಶಿಷ್ಯತ್ವವೇ? ಅಲ್ಲ. ಅದು ಸೋಮಾರಿತನಕ್ಕೆ ತೊಡಿಸಿದ ಬಿಳಿ ಅಂಗಿ.

ಹಾಗಾದರೆ ಬಿಡುವುದು ಹೇಗೆ? ಎಲೀಷನನ್ನು ಕೇಳಿ. ಹನ್ನೆರಡು ಜೋಡಿ ಎತ್ತುಗಳು ಹೊಲದಲ್ಲಿದ್ದವು, ಹನ್ನೆರಡನೆಯ ಜೋಡಿಯ ಹಿಂದೆ ಅವನೇ ಇದ್ದ. ಅನುಕೂಲಸ್ಥರ ಮನೆಯ ಮಗನಾದರೂ ಮಣ್ಣಿನಲ್ಲಿ ಕಾಲಿಟ್ಟಿದ್ದ. ಪ್ರವಾದಿ ಎಲೀಯ ಹಾದುಹೋಗುತ್ತ ತನ್ನ ಕಂಬಳಿಯನ್ನು ಅವನ ಮೇಲೆ ಹಾಕಿದ. ಎಲೀಷ ಅಪ್ಪ ಅಮ್ಮನಿಗೆ ಮುತ್ತಿಟ್ಟು ಬರುತ್ತೇನೆಂದ. ಆಮೇಲೆ ತಾನು ಹೂಡಿದ್ದ ಎತ್ತುಗಳನ್ನು ಕೊಯ್ದು, ನೊಗದ ಮರವನ್ನೇ ಸೌದೆ ಮಾಡಿ ಬೇಯಿಸಿ, ಜನರಿಗೆಲ್ಲ ಬಡಿಸಿ ಹೊರಟ. ನೊಗವನ್ನು ಅಟ್ಟದ ಮೇಲೆ ಎತ್ತಿಡಲಿಲ್ಲ. ಹೊಸ ದಾರಿ ಕೈಕೊಟ್ಟರೆ ಹಳೆಯದು ಇದ್ದೇ ಇದೆ ಎಂದು ಲೆಕ್ಕ ಹಾಕಲಿಲ್ಲ. ಬಿಟ್ಟದ್ದನ್ನು ಹತ್ತು ಜನರ ಊಟವಾಗಿ ಬಿಟ್ಟ. ನೀವು ಬಿಡುವುದು ಬೇರೊಬ್ಬರ ತಟ್ಟೆಗೆ ಅನ್ನವಾಗಿ ಬೀಳಬೇಕು. ಬೀಳದಿದ್ದರೆ ನೀವು ಬಿಟ್ಟಿಲ್ಲ, ಎಸೆದಿದ್ದೀರಿ.

ನೇಗಿಲ ಮೇಣಿಗೆ ಕೈಹಾಕಿ ಹಿಂದಕ್ಕೆ ನೋಡುವವನ ಬಗ್ಗೆ ಯೇಸು ಆಡಿದ ಮಾತು ನಿಮಗೆ ಗೊತ್ತು. ಉಳುವವನ ಮಗನಿಗೆ, ಮಗಳಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದೆ ನೋಡಿದರೆ ಸಾಲು ಸೊಟ್ಟ. ಅಷ್ಟೇ.

ಇನ್ನು ಎಲ್ಲಕ್ಕಿಂತ ಕಷ್ಟದ ಮಾತಿಗೆ ಬರೋಣ. ಬಲೆ ಬಿಡಲು ಪೇತ್ರನಿಗೆ ಒಂದು ಮುಂಜಾವು ಸಾಕಾಯಿತು. ಪಂಕ್ತಿ ಬಿಡಲು ವರ್ಷಗಳೇ ಸಾಲಲಿಲ್ಲ! ಯೊಪ್ಪದಲ್ಲಿ ಅವನು ತೊಗಲು ಹದ ಮಾಡುವ ಇನ್ನೊಬ್ಬ ಸೀಮೋನನ ಮನೆಯಲ್ಲಿ ಇಳಿದುಕೊಂಡ. ಸತ್ತ ದನದ ಚರ್ಮ ಮುಟ್ಟುವವನ ಕೇರಿ ಎಂದರೆ ಮಡಿವಂತರು ಮೂಗು ಮುಚ್ಚಿಕೊಳ್ಳುತ್ತಿದ್ದ ಕಾಲ ಅದು. ಆ ಮನೆಯ ಮಾಳಿಗೆಯ ಮೇಲೆ ಹಸಿದು ಕೂತಿದ್ದಾಗ ಅವನಿಗೆ ದರ್ಶನವಾಯಿತು: ಆಕಾಶದಿಂದ ಇಳಿದ ದೊಡ್ಡ ಬಟ್ಟೆ, ಅದರಲ್ಲಿ ಮಡಿಗೆ ಬಾರದ ಪ್ರಾಣಿಗಳೆಲ್ಲ. ಒಂದು ಸಲವಲ್ಲ, ಮೂರು ಸಲ. ಆಗ ಮಾತ್ರ ಅವನು ಕೈಸರೈಯಕ್ಕೆ ಹೋಗಿ ರೋಮನ್ ಶತಾಧಿಪತಿ ಕೊರ್ನೇಲ್ಯನ ಹೊಸಲು ದಾಟಿದ. ಎಷ್ಟು ದೊಡ್ಡ ಹೆಜ್ಜೆ! ಆದರೆ ಮುಂದೆ ಅಂತಿಯೋಕ್ಯದಲ್ಲಿ ಏನಾಯಿತು? ಅನ್ಯಜನರೊಂದಿಗೆ ಕೂತು ಉಣ್ಣುತ್ತಿದ್ದವನು, ಯೆರೂಸಲೇಮಿನ ಕಡೆಯ ನಾಲ್ಕು ಜನ ಬಂದೊಡನೆ ನಾಲಿಗೆಗಳಿಗೆ ಹೆದರಿ ಎದ್ದು ಬೇರೆ ಕೂತ. ಅವನನ್ನು ನೋಡಿ ಬಾರ್ನಬನಂಥವನೂ ಎದ್ದ. ಎಲ್ಲರೆದುರು ಪೇತ್ರನ ಮುಖಕ್ಕೇ ಎದುರಾಡಿದವನು ಪೌಲ. ದೋಣಿ ಬಿಟ್ಟವನು, ಸಮುದ್ರದ ಮೇಲೆ ಕಾಲಿಟ್ಟವನು, ಸೆರೆಮನೆ ಕಂಡವನು, ಒಂದು ಊಟದ ಸಾಲಿನಲ್ಲಿ ಸೋತ.

ಇದನ್ನು ನಮ್ಮ ನಾಡಿನವರಿಗಿಂತ ಚೆನ್ನಾಗಿ ಯಾರು ಬಲ್ಲರು? ಪಂಕ್ತಿಭೇದ ಎಂಬ ಪದ ನಮಗೆ ನಿಘಂಟಿನಿಂದ ಬಂದದ್ದಲ್ಲ, ಉಂಡ ಎಲೆಯಿಂದ ಬಂದದ್ದು.

1844ರ ಮಂಗಳೂರನ್ನು ನೆನೆಯಿರಿ. ಸಾರಸ್ವತ ಬ್ರಾಹ್ಮಣ ಮನೆತನದ ಹದಿಹರೆಯದ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದ. ಊರು ಕುದಿಯಿತು. ಅವನು ಬಿಟ್ಟದ್ದು ಮೀನಿನ ಬಲೆಯನ್ನಲ್ಲ. ಹುಟ್ಟುತ್ತಲೇ ಸಿಕ್ಕಿದ್ದ ಎತ್ತರದ ಮಣೆಯನ್ನು. ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು, ಅವನು ತಿರುಗಿ ಬಂದದ್ದು ಇದೇ ಕರಾವಳಿಗೆ. ಅವನ ಗುರು ಹೆರ್ಮನ್ ಮೋಗ್ಲಿಂಗ್ ತನ್ನ ಜರ್ಮನಿಯನ್ನು ಬಿಟ್ಟು ಬಂದವನು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವನು. ಮುಂದೆ ಕೊಡಗಿನಲ್ಲಿ, ಜೀತದಲ್ಲಿ ನವೆದಿದ್ದ ದಲಿತ ಕುಟುಂಬಗಳಿಗಾಗಿ ಆನಂದಪುರ ಎಂಬ ಊರು ಕಟ್ಟಿದವನು. ಅವರ ಹಿಂದೆಯೇ 1853ರಲ್ಲಿ ಬಂದ ಕಿಟೆಲ್ ಕನ್ನಡ ಪದ್ಯದಲ್ಲಿ ಕ್ರಿಸ್ತನ ಕಥೆ ಹೇಳಿದ, 1894ರಲ್ಲಿ ನಮ್ಮ ಮಾತಿನ ಭಂಡಾರವನ್ನೇ ನಿಘಂಟಾಗಿ ನಮ್ಮ ಕೈಗಿಟ್ಟ.

ಅಂದು ಜಾತಿ ಬಿಟ್ಟವನ ಕಷ್ಟ ಏನೆಂದು ಬಲ್ಲಿರಾ? ಕುಲಕಸುಬು ಹೋಯಿತು, ಬಾವಿ ಹೋಯಿತು, ಸಾಲ ಕೊಡುವವರಿಲ್ಲ, ಕೆಲಸ ಕೊಡುವವರಿಲ್ಲ. ಮೋಗ್ಲಿಂಗ್, ಕಿಟೆಲ್‌ರನ್ನು ಕಳಿಸಿದ್ದ ಬಾಸೆಲ್ ಮಿಷನ್ ಮಗ್ಗಗಳನ್ನು ಹಾಕಿದ್ದರ ಹಿಂದೆ, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದರ ಹಿಂದೆ ಆ ಬೀದಿಗೆ ಬಿದ್ದವರ ಹೊಟ್ಟೆಯ ಪ್ರಶ್ನೆಯಿತ್ತು. ನೇತ್ರಾವತಿ ದಂಡೆಯ ಜೇಡಿಮಣ್ಣು ತುಳಿದು, ಅಚ್ಚಿಗೆ ಒತ್ತಿ, ಒಲೆಯಲ್ಲಿ ಸುಟ್ಟು ಅವರು ಮಾಡಿದ ಕೆಂಪು ಹೆಂಚು ಯಾರ ಜಾತಿಯನ್ನೂ ಕೇಳದೆ ಎಲ್ಲರ ಮಾಡಿನ ಮೇಲೆ ಕೂತಿತು. ಮಳೆಗಾಲದಲ್ಲಿ ಹೆಂಚಿನ ಮನೆಯಲ್ಲಿ ಬೆಚ್ಚಗೆ ಮಲಗಿದಾಗ ಒಮ್ಮೆ ತಲೆಯೆತ್ತಿ ನೋಡಿ. ಎಲ್ಲವನ್ನೂ ಕಳೆದುಕೊಂಡವರು ನಾಡಿಗೆ ಹೊದಿಸಿದ ಸೂರು ಅದು.

ಅವರು ಅಷ್ಟು ಬಿಟ್ಟರು. ನಾವು?

ನಾವು ಹೆಸರು ಬದಲಿಸಿಕೊಂಡೆವು. ಹಬ್ಬ ಬದಲಿಸಿಕೊಂಡೆವು. ಎದೆಯ ಮೇಲೆ ಶಿಲುಬೆ ತೂಗಿಸಿಕೊಂಡೆವು. ಆದರೆ ಮದುವೆಯ ಮಾತು ಬಂದಾಗ ಬಾಗಿಲು ಮುಂದೆ ಮಾಡಿ ಪಿಸುದನಿಯಲ್ಲಿ ಕೇಳುತ್ತೇವೆ: ಅವರು ಮೂಲತಃ ಯಾರು? ವಧೂವರರ ಜಾಹೀರಾತಿನಲ್ಲಿ ಕ್ರೈಸ್ತರು ಎಂದು ಬರೆದು, ಪಕ್ಕದಲ್ಲೇ ಪೂರ್ವಜರ ಜಾತಿಯನ್ನೂ ಸೇರಿಸುತ್ತೇವೆ. ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿದ ತುಟಿಗಳೇ ಮನೆಯ ಲೋಟದ ಲೆಕ್ಕ ಇಡುತ್ತವೆ. ಹಳೆಯ ಮನುಷ್ಯನನ್ನು ನೀರಿನಲ್ಲಿ ಮುಳುಗಿಸಿದೆವು, ನಿಜ. ಅವನಿಗೆ ಈಜು ಬರುತ್ತಿತ್ತು.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ, ಕೇಳಿ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಸಭೆಯಲ್ಲಿ ಸುಗ್ಗಿ ಹಬ್ಬದ ಆರಾಧನೆ. ಆರಾಧನೆ ಮುಗಿದು ಊಟಕ್ಕೆ ಎಲೆ ಹಾಕಿದರು. ಒಂದು ಸಾಲು ಒಳಗೆ ಹಜಾರದಲ್ಲಿ, ಇನ್ನೊಂದು ಹೊರಗೆ ಚಪ್ಪರದಡಿ. ಎಲ್ಲಿ ಕೂರಬೇಕೆಂದು ಯಾರೂ ಯಾರಿಗೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಾನೂ ಗೊತ್ತಿದ್ದವನಂತೆ ಒಳಗೆ ಕೂತೆ. ಅಷ್ಟರಲ್ಲಿ ಕಾಲೇಜಿನಿಂದ ರಜೆಗೆ ಬಂದಿದ್ದ, ಒಳಗೆ ಕೂತ ಮನೆಗಳ ಹುಡುಗಿಯೊಬ್ಬಳು ಉಪ್ಪು, ಉಪ್ಪಿನಕಾಯಿ ಬಡಿಸಿದ್ದ ತನ್ನ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದಳು. ನಡೆದು ಹೋಗಿ ಚಪ್ಪರದಡಿ ಮುದುಕಿಯೊಬ್ಬಳ ಪಕ್ಕದಲ್ಲಿ ಕೂತಳು. ಅನ್ನ ಬಡಿಸುತ್ತಿದ್ದವನ ಸೌಟು ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಅವಳ ಅಪ್ಪ ತಲೆ ತಗ್ಗಿಸಿದ. ಆ ಬೆಳಿಗ್ಗೆ ಅದೇ ಸಭೆಯಲ್ಲಿ ಶಿಷ್ಯತ್ವದ ಬಗ್ಗೆ ಮುಕ್ಕಾಲು ಗಂಟೆ ಪ್ರಸಂಗ ಮಾಡಿದ್ದವನು ನಾನು.

ನಾನು ಏಳಲಿಲ್ಲ. ಸಾರು ಬಂತು, ಉಂಡೆ.

ಆ ಊಟ ಇಂದಿಗೂ ನನಗೆ ಜೀರ್ಣವಾಗಿಲ್ಲ. ಅದಕ್ಕೇ ಈ ಮಾತುಗಳನ್ನು ನಿಮಗೆ ಬರೆಯುತ್ತಿದ್ದೇನೆ. ನನ್ನಿಂದ ಆಗದ್ದು ನಿಮ್ಮಿಂದ ಆದೀತು, ಏಕೆಂದರೆ ಆ ಹುಡುಗಿಯಿಂದ ಆಯಿತು.

ನಿಮ್ಮ ಕೈಯಲ್ಲಿ ಏನಿಲ್ಲ ಹೇಳಿ! ಪೇತ್ರನಿಗೆ ಇದ್ದದ್ದು ಬಲೆ ಬೀಸುವ ತೋಳು, ಮತ್ತಾಯನಿಗೆ ಸುಂಕದ ಕಟ್ಟೆಯಲ್ಲಿ ಲೆಕ್ಕ ಬರೆದ ಬೆರಳು, ಅಷ್ಟೇ. ನಿಮ್ಮಲ್ಲಿ ನರ್ಸಿಂಗ್ ಓದಿ ರಾತ್ರಿಯಿಡೀ ರೋಗಿಯ ಬಳಿ ಎಚ್ಚರವಿರಬಲ್ಲವರಿದ್ದೀರಿ, ಕಂಪ್ಯೂಟರಿನ ಮುಂದೆ ಕೂತು ಜಗತ್ತಿನ ಆ ಕೊನೆಯ ಕೆಲಸ ಮಾಡಬಲ್ಲವರಿದ್ದೀರಿ, ಮಳೆಯನ್ನು ನಂಬಿ ಬಿತ್ತಬಲ್ಲವರಿದ್ದೀರಿ, ಮಕ್ಕಳಿಗೆ ಅಕ್ಷರ ಕಲಿಸಬಲ್ಲವರಿದ್ದೀರಿ, ಹಾಡಬಲ್ಲವರು, ಬರೆಯಬಲ್ಲವರು, ಕಛೇರಿಯ ಕುರ್ಚಿಯಲ್ಲಿ ಕೂತು ಒಂದು ಸಹಿಯಿಂದ ಬಡವನ ಬದುಕು ಬದಲಿಸಬಲ್ಲವರಿದ್ದೀರಿ. ಇಷ್ಟೆಲ್ಲ ಶಕ್ತಿಯನ್ನು ಯಾವ ಗೂಟಕ್ಕೆ ಕಟ್ಟಿ ಹಾಕಿದ್ದೀರಿ? ಹಗ್ಗ ಎಷ್ಟು ಉದ್ದವಿದ್ದರೇನು, ಗೂಟ ಹಳೆಯದೇ ಆದರೆ ಸುತ್ತುವುದು ಅದೇ ವೃತ್ತ.

ಬಿಡಿ. ಕುಲದ ಹಮ್ಮು ಬಿಡಿ, ಕುಲದ ಕೀಳರಿಮೆಯನ್ನೂ ಬಿಡಿ. ವರದಕ್ಷಿಣೆಯನ್ನು ಉಡುಗೊರೆ ಎಂದು ಕರೆಯುವ ಜಾಣತನ ಬಿಡಿ. ಮೇಜಿನ ಕೆಳಗೆ ಕೈ ಚಾಚಿ, ಭಾನುವಾರ ಅದೇ ಕೈಯನ್ನು ಸ್ತೋತ್ರಕ್ಕೆ ಎತ್ತುವುದನ್ನು ಬಿಡಿ. ತಪ್ಪು ಮಾಡಿದವನು ನಮ್ಮವನು ಎಂಬ ಕಾರಣಕ್ಕೆ ಸುಮ್ಮನಿರುವ ಗೆಳೆತನ ಬಿಡಿ. ಆದರೆ ಮಾತೃಭಾಷೆ ಬಿಡಬೇಡಿ. ಹಿರಿಯರನ್ನು ಬಿಡಬೇಡಿ. ಹುಟ್ಟಿದ ಮಣ್ಣನ್ನು, ಬೇರೆ ದೇವರಿಗೆ ಕೈಮುಗಿಯುವ ನೆರೆಮನೆಯವರ ಸ್ನೇಹವನ್ನು ಬಿಡಬೇಡಿ. ಅವು ಬಲೆಯಲ್ಲ, ಬೇರು.

ಇದಕ್ಕೆ ಬೆಲೆ ಇದೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುವೇ ಎಚ್ಚರಿಸಿದ. ನೀವೂ ಹಾಕಿ. ಚಿಕ್ಕಪ್ಪ ಮಾತು ಬಿಟ್ಟಾನು. ಅತ್ತೆ ಮದುವೆಗೆ ಬರಲಾರಳು. ಸಭೆಯ ಹಿರಿಯರು ಹುಡುಗಾಟವೆಂದು ನಕ್ಕಾರು. ಬಡ್ತಿ ತಪ್ಪೀತು. ಎಲ್ಲವನ್ನೂ ಬರೆದು ಕೂಡಿಸಿ ನೋಡಿ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಏಳದೆ ಕೂತೇ ಇದ್ದರೆ ಅದಕ್ಕೆ ಬೆಲೆ ಇಲ್ಲವೇ? ಇದೆ. ಅದನ್ನು ಚಪ್ಪರದಡಿ ಕೂತವರು ಇಷ್ಟು ಕಾಲ ತೆತ್ತಿದ್ದಾರೆ.

ಆ ದೋಣಿ ಇವತ್ತಿಗೂ ಗಲಿಲಾಯದ ದಡದಲ್ಲಿ, ವಸ್ತುಸಂಗ್ರಹಾಲಯವೊಂದರಲ್ಲಿದೆ. ಅದನ್ನು ಮಾಡಿದ ಬಡಗಿಗೆ ಸಾಲ ಇತ್ತೋ ಏನೋ, ಒಳ್ಳೆಯ ಮರ ಸಿಗಲಿಲ್ಲವೋ ಏನೋ. ಆದರೆ ಅವನ ಕೈ ಮರದ ಕುಲ ಕೇಳಲಿಲ್ಲ. ಹಲಗೆಯ ಪಕ್ಕಕ್ಕೆ ಹಲಗೆ ಒತ್ತಿ ಕೂರಿಸಿದ, ನೀರು ನುಗ್ಗದಂತೆ ಬಿಗಿದ. ಹನ್ನೆರಡು ಜಾತಿಯ ಮರ ಒಂದೇ ದೋಣಿಯಾಗಿ ತೇಲಿತು.

ಮುಂದಿನ ಹಬ್ಬ ದೂರವಿಲ್ಲ. ಎಲೆ ಹಾಕುತ್ತಾರೆ, ಉಪ್ಪು ಬಡಿಸುತ್ತಾರೆ, ಎಲ್ಲಿ ಕೂರಬೇಕೆಂದು ಯಾರೂ ಹೇಳುವುದಿಲ್ಲ. ಆಗ ನಿಮ್ಮ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಏಳಿ. ಈ ಸಲ ನಾನೂ ಏಳುತ್ತೇನೆ.